ಆಗ್ನೇಯ ಏಷ್ಯದ ಧಾನ್ಯದೇವತೆಯೂ ಭಾರತದ ಶ್ರೀಯೂ

೧

ಜಾವಾದ್ವೀಪದ ಬೇಸಾಯಗಾರನು ತನ್ನ ಗದ್ದೆಯ ಅಧಿದೇವತೆಯನ್ನು ‘ದೇವಿ ಶ್ರೀ’ ಎಂದು ಕರೆಯುತ್ತಾನೆ. ಅದೇ ದ್ವೀಪದ ಪಶ್ಚಿಮ ಭಾಗವಾದ ಸುಂದಾ ನಾಡಿನಲ್ಲಿ ಆಕೆಯ ಹೆಸರು ‘ನ್ಯಿ ಪೊಹಾಚಿ ಸಂಗ್ಯಂಗ್ ಶ್ರೀ’. ಬಾಲಿಯಲ್ಲಿಯೂ ಆಕೆ ಶ್ರೀಯೇ. ಅಲ್ಲಿ ವಿಷ್ಣುವಿನೊಡನೆ ಅವಳ ಸಂಬಂಧವನ್ನು ಹೇಳುತ್ತಾರೆ. ಥಾಯ್ ದೇಶದಲ್ಲಿ ಭತ್ತದ ದೇವತೆ ‘ಮೇ ಫೋಸೊಪ್’, ಎಂದರೆ ಫೋಸೊಪ್ ತಾಯಿ. ಈ ಹೆಸರುಗಳನ್ನು ಕೇಳಿದೊಡನೆ ಭಾರತೀಯನ ಮನಸ್ಸಿನಲ್ಲಿ ಒಂದು ಬಗೆಯ ಹೆಮ್ಮೆ ಮೂಡುವುದು ಸಹಜ. ೧೯೨೬ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದ ಬೃಹದ್ಭಾರತ ಸಂಘದ ವಿದ್ವಾಂಸರು ಈ ಹೆಮ್ಮೆಗೆ ಶಾಸ್ತ್ರದ ರೂಪವನ್ನು ಕೊಟ್ಟರು. ಕಡಲಾಚೆಯ ದೇಶಗಳ ಧರ್ಮ, ಶಿಲ್ಪ, ಕಾವ್ಯಗಳೆಲ್ಲ ಭಾರತದ ವಿಸ್ತಾರವೆಂಬಂತೆ ಅವರಲ್ಲಿ ಹಲವರು ಬರೆದರು. ಅವರ ಶ್ರಮದಿಂದ ಬೆಳಕಿಗೆ ಬಂದ ಸಂಗತಿಗಳು ಅನೇಕ; ಆದರೆ ಅವರು ಕೇಳದೆ ಬಿಟ್ಟ ಪ್ರಶ್ನೆಯೊಂದು ಉಳಿದಿದೆ. ಹೆಸರು ಕಡಲನ್ನು ದಾಟಿತೆಂದ ಮಾತ್ರಕ್ಕೆ ದೇವತೆಯೂ ದಾಟಿದಳೆಂದು ಹೇಳಬಹುದೆ? ಪ್ರಕೃತ ಲೇಖನದ ವಿಚಾರ ಇದೇ.

ಮೊದಲು ಕಾಲದ ಮಾತನ್ನು ನೋಡೋಣ. ಭತ್ತವನ್ನು ಸಾಕಿ ಬೆಳೆಯಾಗಿ ಮಾಡಿಕೊಂಡವರು ಚೀನದ ಯಾಂಗ್‌ತ್ಸೆ ನದಿಯ ಕೊಳ್ಳದ ಪ್ರಾಚೀನ ಜನರೆಂಬುದು ಈಗ ಉತ್ಖನನಗಳಿಂದ ಸ್ಥಿರಪಟ್ಟಿದೆ. ಅಲ್ಲಿಂದ ಆ ಬೆಳೆ ಕ್ರಿ. ಪೂ. ೨೦೦೦ದ ಸುಮಾರಿಗೆ ಆಗ್ನೇಯ ಏಷ್ಯದ ಭೂಖಂಡವನ್ನು ಮುಟ್ಟಿತು. ಭಾರತದ ರಾಜನಾಮಗಳೂ ಸಂಸ್ಕೃತ ಶಾಸನಗಳೂ ಆ ದೇಶಗಳಲ್ಲಿ ಕಾಣಿಸಿಕೊಳ್ಳುವುದು ಕ್ರಿಸ್ತಶಕೆಯ ಮೊದಲ ಶತಮಾನಗಳ ತರುವಾಯ. ಆದುದರಿಂದ ಬ್ರಾಹ್ಮಣನೂ ಭಿಕ್ಷುವೂ ಹಡಗಿನಿಂದಿಳಿದಾಗ ಅಲ್ಲಿನ ಗದ್ದೆಗಳಲ್ಲಿ ಪೈರು ಬೆಳೆಯುತ್ತಿತ್ತು. ಗದ್ದೆಗೆ ‘ಸವಾಃ’, ಭತ್ತಕ್ಕೆ ‘ಪಾದಿ’, ಅಕ್ಕಿಗೆ ‘ಬೆರಾಸ್’ ಎಂಬ ಅವರ ಮಾತುಗಳು ದೇಶ್ಯವಾದವು, ಸಂಸ್ಕೃತಜನ್ಯವಲ್ಲ. ಪೈರಿದ್ದ ಕಡೆ ಅದನ್ನು ಕಾಯುವ ಶಕ್ತಿಯ ಕಲ್ಪನೆಯೂ ಇದ್ದಿರಬೇಕೆಂದು ಊಹಿಸುವುದು ಅತಿಶಯವಾಗಲಾರದು.

೨

ಕಡಲನ್ನು ದಾಟಿದ ಶ್ರೀ ಯಾರು? ಋಗ್ವೇದದ ಪರಿಶಿಷ್ಟವಾದ ಶ್ರೀಸೂಕ್ತದಲ್ಲಿ ಆಕೆಗೆ ‘ಕರೀಷಿಣೀ’ ಎಂಬ ವಿಶೇಷಣವಿದೆ: ಗೊಬ್ಬರದಿಂದ ಸಮೃದ್ಧಳಾದವಳು. ಅಲ್ಲಿಯೇ ಕರ್ದಮನನ್ನು, ಎಂದರೆ ಕೆಸರನ್ನು, ಅವಳ ಮಗನೆಂದು ಹೇಳಿದೆ. ಗೊಬ್ಬರ, ಕೆಸರುಗಳ ಒಡತಿಯಾದ ಈ ದೇವತೆ ಬೇಸಾಯಕ್ಕೆ ದೂರದವಳಲ್ಲ. ಆದರೆ ಶತಪಥ ಬ್ರಾಹ್ಮಣದಲ್ಲಿ ಶ್ರೀಯು ಪ್ರಜಾಪತಿಯಿಂದ ಹುಟ್ಟಿದ ಕಥೆಯನ್ನು ನೋಡಿದರೆ ಅನ್ನದೊಡನೆ ರಾಜ್ಯ, ಬಲ, ತೇಜಸ್ಸುಗಳೂ ಅವಳ ಅಂಶಗಳೇ ಆಗಿವೆ. ದೇವತೆಗಳು ಅವಳಿಂದ ಒಂದೊಂದನ್ನು ಕಿತ್ತುಕೊಳ್ಳುತ್ತಾರೆ. ಬರುಬರುತ್ತ ಆಕೆ ರಾಜಲಕ್ಷ್ಮಿಯಾದಳು. ಬೌದ್ಧರೂ ಆಕೆಯನ್ನು ಬಿಡಲಿಲ್ಲ. ಕ್ರಿ. ಪೂ. ಎರಡನೆಯ ಶತಮಾನದ ಭಾರಹುತ ಸ್ತೂಪದಲ್ಲಿ ‘ಸಿರಿಮಾ ದೇವತಾ’ ಎಂದು ಹೆಸರು ಕೊರೆದ ವಿಗ್ರಹವಿದೆ.

ಉಳುಮೆಗೆ ನೇರವಾಗಿ ಸೇರಿದ ವೈದಿಕ ದೇವತೆ ಬೇರೊಬ್ಬಳುಂಟು. ಅವಳು ಸೀತೆ, ನೇಗಿಲ ಸಾಲು. ಋಗ್ವೇದದ ನಾಲ್ಕನೆಯ ಮಂಡಲದ ಕ್ಷೇತ್ರಪತಿ ಸೂಕ್ತದಲ್ಲಿ ಅವಳ ಪ್ರಾರ್ಥನೆಯಿದೆ. ಕೌಟಿಲ್ಯನು ಬೇಸಾಯದ ಅಧಿಕಾರಿಯನ್ನು ‘ಸೀತಾಧ್ಯಕ್ಷ’ನೆಂದು ಕರೆದು, ಬಿತ್ತನೆಯ ಸಂದರ್ಭದಲ್ಲಿ ಸೀತಾದೇವಿಯನ್ನು ಸ್ಮರಿಸುವ ಮಂತ್ರವನ್ನು ವಿಧಿಸಿದ್ದಾನೆ. ಹೀಗಿದ್ದೂ ಜಾವಾದ ಗದ್ದೆಗೆ ಹೆಸರು ಕೊಟ್ಟವಳು ಸೀತೆಯಲ್ಲ, ಶ್ರೀ. ಇದು ಗಮನಿಸತಕ್ಕ ಸಂಗತಿ. ಭಾರತದ ಧರ್ಮವು ಅಲ್ಲಿಗೆ ಹೋದದ್ದು ಒಕ್ಕಲಿಗರ ವಲಸೆಯಿಂದಲ್ಲ, ಅರಮನೆ ದೇಗುಲ ವಿಹಾರಗಳ ಮೂಲಕ. ೧೯೩೪ರಲ್ಲಿ ಡಚ್ ವಿದ್ವಾಂಸ ವಾನ್ ಲ್ಯೂರನು, ಆ ದೇಶಗಳ ಅರಸರೇ ತಮ್ಮ ಅಧಿಕಾರಕ್ಕೆ ಬೇಕಾದ ಸಂಸ್ಕಾರಗಳಿಗಾಗಿ ಬ್ರಾಹ್ಮಣರನ್ನು ಬರಮಾಡಿಕೊಂಡರೆಂದು ವಾದಿಸಿದನು. ಆ ವಾದಕ್ಕೆ ಈ ಹೆಸರಿನ ಆಯ್ಕೆಯೂ ಒಂದು ಸಾಕ್ಷ್ಯವೆಂದು ನನಗೆ ತೋರುತ್ತದೆ. ನೇಗಿಲ ಸಾಲಿನ ದೇವತೆಯನ್ನು ಒಯ್ಯಲು ಉಳುವವನು ಬೇಕು; ರಾಜಲಕ್ಷ್ಮಿಯನ್ನು ಒಯ್ಯಲು ಪುರೋಹಿತನು ಸಾಕು.

೩

ಈಗ ಸುಂದಾ ನಾಡಿನ ಕಥೆಯನ್ನು ನೋಡಬಹುದು. ಅದರ ಸಾರಾಂಶವಿಷ್ಟು. ಭಟಾರ ಗುರುವು, ಎಂದರೆ ಶಿವನು, ಒಂದು ಸಭಾಮಂದಿರವನ್ನು ಕಟ್ಟಲು ದೇವತೆಗಳಿಗೆಲ್ಲ ಅಪ್ಪಣೆ ಮಾಡುತ್ತಾನೆ. ಕೈಕಾಲಿಲ್ಲದ ನಾಗನಾದ ಅಂತನು ಕೆಲಸಕ್ಕೆ ಬಾರದವನಾಗಿ ಅಳುತ್ತಾನೆ; ಅವನ ಕಣ್ಣೀರು ಮೂರು ಮೊಟ್ಟೆಗಳಾಗುತ್ತದೆ. ನಾರದನ ಸಲಹೆಯಂತೆ ಅವನ್ನು ಬಾಯಲ್ಲಿಟ್ಟುಕೊಂಡು ಕಾಣಿಕೆಯಾಗಿ ಒಯ್ಯುವಾಗ ಹಕ್ಕಿಯೊಂದು ಮೇಲೆರಗಿ ಎರಡು ಮೊಟ್ಟೆಗಳು ಕೆಳಗೆ ಬೀಳುತ್ತವೆ. ಅವುಗಳಿಂದ ಹುಟ್ಟಿದವರೇ ಪೈರಿಗೆ ಶತ್ರುಗಳಾದ ಕಾಲಾಬುಅತ್ ಮತ್ತು ಬುದುಗ್‌ಬಸು. ಉಳಿದ ಮೊಟ್ಟೆಯಿಂದ ಹುಟ್ಟಿದ ಹೆಣ್ಣುಮಗುವನ್ನು ಉಮೆ ಹಾಲೂಡಿಸಿ ಸಾಕುತ್ತಾಳೆ. ಮಗಳೆಂದು ಬೆಳೆದವಳು ಅಪ್ರತಿಮ ಸುಂದರಿಯಾಗಲು ಭಟಾರ ಗುರುವೇ ಅವಳನ್ನು ಬಯಸುತ್ತಾನೆ. ಈ ಪಾಪವನ್ನು ತಪ್ಪಿಸಲು ದೇವತೆಗಳು ಆ ಕನ್ಯೆಯನ್ನು ವಿಷವಿಕ್ಕಿ ಕೊಲ್ಲುತ್ತಾರೆ. ಹೂಳಿದ ದೇಹದ ತಲೆಯಿಂದ ತೆಂಗು, ತೊಡೆಗಳಿಂದ ಬಿದಿರು, ಕಾಲುಗಳಿಂದ ಗೆಡ್ಡೆಗಳು, ಹೊಕ್ಕುಳಿನಿಂದ ಭತ್ತ ಹುಟ್ಟುತ್ತವೆ. ಅಂಗಾಂಗಗಳ ಲೆಕ್ಕ ಪಾಠದಿಂದ ಪಾಠಕ್ಕೆ ಬದಲಾಗುವುದಾದರೂ ಕಥೆಯ ಹಂದರ ಒಂದೇ.

ಹೆಸರುಗಳನ್ನಷ್ಟೇ ನೋಡಿದರೆ ಇದು ಪುರಾಣವೇ. ಶಿವನಿದ್ದಾನೆ, ಉಮೆಯಿದ್ದಾಳೆ, ನಾರದನು ತನ್ನ ಹಳೆಯ ಕೆಲಸವನ್ನೇ ಮಾಡುತ್ತಾನೆ. ಜಾವಾದಲ್ಲಿ ಅಂತಬೋಗನೆನಿಸುವ ಆ ನಾಗನು ನಮ್ಮ ಅನಂತನೇ. ಆದರೆ ಕಥೆಯ ಕೇಂದ್ರದಲ್ಲಿರುವ ಘಟನೆಯನ್ನು ನಮ್ಮ ಪುರಾಣಗಳಲ್ಲಿ ಹುಡುಕಿದರೆ ಸಿಕ್ಕದು. ಭಾರತದ ಲಕ್ಷ್ಮಿ ಚಂಚಲೆ, ಒಬ್ಬನನ್ನು ಬಿಟ್ಟು ಇನ್ನೊಬ್ಬನಲ್ಲಿಗೆ ಹೋಗುತ್ತಾಳೆ, ಕ್ಷೀರಸಾಗರದಲ್ಲಿ ಅಡಗಿ ಮತ್ತೆ ಮೇಲೇಳುತ್ತಾಳೆ, ಸತ್ತು ಪೈರಾಗುವುದಿಲ್ಲ. ಸುಂದಾದ ಶ್ರೀ ಸಾಯುತ್ತಾಳೆ. ಅವಳ ಸಾವೇ ಅನ್ನದ ಮೂಲ.

ಇದೇ ಘಟನೆ ಭಾರತದ ಪ್ರಭಾವ ತಾಗದ ಕಡೆಗಳಲ್ಲಿ ಸ್ಪಷ್ಟವಾಗಿ ದೊರೆಯುತ್ತದೆ. ಮಲುಕು ದ್ವೀಪಸಮೂಹದ ಸೆರಾಮ್ ದ್ವೀಪದಲ್ಲಿ ಜರ್ಮನ್ ವಿದ್ವಾಂಸ ಅಡಾಲ್ಫ್ ಯೆನ್ಸನ್ ೧೯೩೭-೩೮ರಲ್ಲಿ ಸಂಗ್ರಹಿಸಿದ ಹೈನುವೆಲೆ ಎಂಬ ಕನ್ಯೆಯ ಕಥೆಯಲ್ಲಿ, ಕೊಲೆಯಾದ ಆ ಹುಡುಗಿಯ ದೇಹದ ತುಂಡುಗಳನ್ನು ಹೂಳಿದ ಕಡೆಗಳಲ್ಲಿ ಗೆಡ್ಡೆಗಳು ಮೊಳೆಯುತ್ತವೆ. ಜಪಾನಿನಲ್ಲಿ ಕ್ರಿ. ಶ. ೭೧೨ರಲ್ಲಿ ಸಂಕಲಿತವಾದ ಕೊಜಿಕಿಯಲ್ಲಿ ಓಗೆತ್ಸುಹಿಮೆ ಎಂಬ ಅನ್ನದೇವತೆ ಕೊಲ್ಲಲ್ಪಟ್ಟಾಗ ಅವಳ ಕಣ್ಣುಗಳಿಂದ ಭತ್ತವೂ ಕಿವಿಗಳಿಂದ ಕಿರುಧಾನ್ಯವೂ ಹುಟ್ಟುತ್ತವೆ. ಸೆರಾಮಿನಿಂದ ಜಪಾನಿನವರೆಗೆ ಹಬ್ಬಿದ ಈ ಕಥಾಬೀಜ ಸುಂದಾ ನಾಡಿನಲ್ಲಿ ಸಂಸ್ಕೃತದ ಉಡುಪನ್ನು ತೊಟ್ಟಿತೆಂದು ಹೇಳುವುದು ಯುಕ್ತ. ಉಡುಪೂ ಅಲ್ಪವಾದುದಲ್ಲ. ಗ್ರಾಮದ ಸತ್ತ ಕನ್ಯೆ ಶಿವನ ಮನೆಯ ಮಗಳಾದಾಗ, ಗದ್ದೆಯ ದುಃಖಕ್ಕೆ ಅರಮನೆಯ ರಂಗದ ಮೇಲೂ ಸ್ಥಾನ ದೊರೆತಂತಾಯಿತು. ಜಾವಾದ ಹಳೆಯ ಮನೆಗಳ ನಡುಗೋಣೆಯ ಮುಂದೆ ‘ಲೋರೋ ಬ್ಲೊನ್ಯೊ’ ಎಂಬ ದಂಪತಿಗೊಂಬೆಗಳನ್ನು ಇಡುವುದುಂಟು. ಅವು ಶ್ರೀ ಮತ್ತು ಸದೋನೊ. ಸದೋನೊ ಎಂದರೆ ‘ಸಾಧನ’, ಹಣಬಟ್ಟೆಗಳ ಸಮೃದ್ಧಿ. ಧಾನ್ಯವೂ ಧನವೂ ಜೊತೆಯಾದ ಕಲ್ಪನೆ ಅದು.

ಕೊಯ್ಲಿನ ರೀತಿಯಲ್ಲಿ ಮಾತ್ರ ಹಳೆಯ ಭಾವನೆ ಹಾಗೆಯೇ ಉಳಿದಿತ್ತು. ಅಂಗೈಯಲ್ಲಿ ಅಡಗುವಷ್ಟು ಚಿಕ್ಕದಾದ ‘ಅನಿ-ಅನಿ’ ಎಂಬ ಕತ್ತಿಯಿಂದ ಹೆಂಗಸರು ಒಂದೊಂದೇ ತೆನೆಯನ್ನು ಕೊಯ್ಯುತ್ತಿದ್ದರು. ಆಯುಧವನ್ನು ಕಂಡು ದೇವಿ ಬೆದರಿ ಓಡಬಾರದೆಂಬುದು ಅದರ ಆಶಯ. ಈ ಭಯಕ್ಕೆ ಭಾರತದ ಶಾಸ್ತ್ರದಲ್ಲಿ ಆಧಾರವಿಲ್ಲ.

೪

ಬೌದ್ಧಧರ್ಮದ ಪ್ರಭಾವ ಇದಕ್ಕಿಂತ ಜಟಿಲವಾದುದು. ಮಹಾಯಾನದ ವಸುಧಾರೆಯು ಕೈಯಲ್ಲಿ ಭತ್ತದ ತೆನೆಯನ್ನು ಹಿಡಿದ ದೇವತೆ. ಮಧ್ಯಜಾವಾದಲ್ಲಿ ದೊರೆತ ಒಂಬತ್ತು, ಹತ್ತನೆಯ ಶತಮಾನಗಳ ಕಿರಿಯ ಕಂಚಿನ ವಿಗ್ರಹಗಳಲ್ಲಿ ತೆನೆ ಹಿಡಿದ ದೇವಿಯನ್ನು ಕೆಲವರು ವಸುಧಾರೆಯೆಂದೂ ಕೆಲವರು ಶ್ರೀಯೆಂದೂ ಗುರುತಿಸುವುದುಂಟು. ಬೊರೊಬುದುರಿನ ಸಮೀಪದ ಮೆಂದುತ್ ದೇಗುಲದ ಗೋಡೆಯ ಮೇಲೆ ಮಕ್ಕಳಿಂದ ಸುತ್ತುವರಿದ ಹಾರೀತಿಯ ಶಿಲ್ಪವಿದೆ. ಹಾರೀತಿ ಮೊದಲು ಮಕ್ಕಳನ್ನು ತಿನ್ನುವ ಯಕ್ಷಿ. ಬುದ್ಧನ ಬೋಧೆಯಿಂದ ಮಕ್ಕಳ ರಕ್ಷಕಿಯಾದವಳು. ಭಾರತದ ವಿಹಾರಗಳಲ್ಲಿ ದಿನದಿನವೂ ಅವಳಿಗೆ ಅನ್ನದ ನೈವೇದ್ಯ ಸಲ್ಲುತ್ತಿದ್ದುದನ್ನು ಏಳನೆಯ ಶತಮಾನದ ಚೀನೀ ಯಾತ್ರಿಕ ಇತ್ಸಿಂಗನು ಬರೆದಿಟ್ಟಿದ್ದಾನೆ. ಬಾಲಿಯಲ್ಲಿ ಬಹುಮಕ್ಕಳ ಬಡತಾಯಿಯಾದ ‘ಮೆನ್ ಬ್ರಯುತ್’ ಎಂಬ ಜಾನಪದ ಪಾತ್ರದಲ್ಲಿ ಈ ಹಾರೀತಿಯೇ ಬೆರೆತಿದ್ದಾಳೆ.

ಥಾಯ್ ದೇಶದ ಫೋಸೊಪ್ ಎಂಬ ಹೆಸರು ‘ವೈಶ್ರವಣ’ ಶಬ್ದದಿಂದ ಬಂದುದೆಂಬ ಅಭಿಪ್ರಾಯವುಂಟು. ವೈಶ್ರವಣನೆಂದರೆ ಕುಬೇರ, ಬೌದ್ಧರ ನಾಲ್ವರು ಲೋಕಪಾಲರಲ್ಲಿ ಉತ್ತರದಿಕ್ಕಿನವನು, ಪುರುಷ. ಈ ವ್ಯುತ್ಪತ್ತಿಯನ್ನು ಒಪ್ಪಿದರೆ ಗಡ್ಡಮೀಸೆಯ ಧನಾಧಿಪತಿಯ ಹೆಸರು ಥಾಯ್ ಗದ್ದೆಯನ್ನು ಸೇರಿ ತಾಯಿಯ ಹೆಸರಾಯಿತು. ಹೆಸರಿಗೆ ತಕ್ಕಂತೆ ದೇವತೆ ಬದಲಾಗಲಿಲ್ಲ. ದೇವತೆಗೆ ತಕ್ಕಂತೆ ಹೆಸರು ತನ್ನ ಲಿಂಗವನ್ನೇ ಬದಲಿಸಿಕೊಂಡಿತು. ಪೈರಿಗೆ ‘ಖ್ವನ್’ ಎಂಬ ಜೀವಾಂಶವಿದೆಯೆಂದೂ ಅದು ಹೆದರಿದರೆ ಹಾರಿಹೋಗುವುದೆಂದೂ ಥಾಯ್ ರೈತರು ನಂಬುತ್ತಾರೆ. ಅನಾತ್ಮವಾದವನ್ನು ಬೋಧಿಸುವ ಥೇರವಾದಕ್ಕೂ ಈ ನಂಬಿಕೆಗೂ ಸಿದ್ಧಾಂತದಲ್ಲಿ ಹೊಂದಿಕೆಯಿಲ್ಲ; ಆದರೂ ಒಂದೇ ಊರಿನಲ್ಲಿ ಎರಡೂ ಬಾಳುತ್ತಿವೆ.

ಹೊಂದಿಕೆಯಿಲ್ಲದ್ದನ್ನು ಜನ ಅರಿಯದವರಲ್ಲ. ಬೌದ್ಧಧರ್ಮಕ್ಕೆ ಬೇಸಾಯದೊಡನೆ ಮೊದಲಿನಿಂದಲೂ ಒಂದು ಸಂಕೋಚವಿತ್ತು. ವಿನಯಪಿಟಕವು ಭಿಕ್ಷುವಿಗೆ ನೆಲ ಅಗೆಯುವುದನ್ನು ನಿಷೇಧಿಸಿದೆ. ಅಶ್ವಘೋಷನ ಬುದ್ಧಚರಿತದಲ್ಲಿ ರಾಜಕುಮಾರನು ಉತ್ತ ನೆಲದಲ್ಲಿ ಸತ್ತ ಹುಳುಗಳನ್ನು ಕಂಡು ಮರುಗುತ್ತಾನೆ. ಸುತ್ತನಿಪಾತದ ಕಸಿಭಾರದ್ವಾಜ ಸುತ್ತದಲ್ಲಿ ಉಳುತ್ತಿದ್ದ ಬ್ರಾಹ್ಮಣನು, ತಾನು ಉತ್ತು ಉಣ್ಣುವವನು, ನೀನೂ ಹಾಗೆಯೇ ಮಾಡು ಎಂಬ ಅರ್ಥದಲ್ಲಿ ಬುದ್ಧನನ್ನೇ ಪ್ರಶ್ನಿಸುತ್ತಾನೆ. ಅಲ್ಲಿ ಬುದ್ಧನ ಉತ್ತರ ಬ್ರಾಹ್ಮಣನಿಗೆ ಸಮಾಧಾನ ಕೊಟ್ಟಿತು. ಚೀನದ ಯುನ್ನಾನ್ ಪ್ರಾಂತದ ಸಿಪ್ಸಾಂಗ್‌ಪನ್ನಾದ ತಾಯ್ ಜನರ ಕಥೆಯಲ್ಲಿ ವಾದ ಬೇರೆ ರೀತಿಯಲ್ಲಿ ಮುಗಿಯುತ್ತದೆ. ಸಭೆಯಲ್ಲಿ ಎಲ್ಲರೂ ಬುದ್ಧನಿಗೆ ನಮಸ್ಕರಿಸುವಾಗ ಭತ್ತದ ಜೀವದ ಅಜ್ಜಿಯಾದ ‘ಯಾ ಖ್ವನ್ ಖಾವ್’ ಮಾತ್ರ ತಲೆಬಾಗುವುದಿಲ್ಲ. ತಾನಿಲ್ಲದೆ ಲೋಕ ಬದುಕದೆಂದು ಹೇಳಿ ಎದ್ದುಹೋಗುತ್ತಾಳೆ. ಭತ್ತವಿಲ್ಲದೆ ಜನ ಹಸಿದು ಕಂಗೆಡುತ್ತಾರೆ. ಕೊನೆಗೆ ಬುದ್ಧನೇ ಹೋಗಿ ಅವಳ ಹಿರಿಮೆಯನ್ನು ಒಪ್ಪಿ ಕರೆತರಬೇಕಾಗುತ್ತದೆ. ಈ ಕಥೆಯನ್ನು ಹೇಳುವವರು ಶ್ರದ್ಧಾವಂತ ಬೌದ್ಧರೇ. ವಿಹಾರದ ಪಾತ್ರೆಗೆ ಪ್ರತಿದಿನ ಅನ್ನ ನೀಡುವ ಕೈಗಳು ಧರ್ಮವನ್ನು ಒಪ್ಪಿಕೊಂಡವು. ತಮ್ಮ ಋಣವನ್ನೂ ನೆನಪಿಸಿಟ್ಟವು.

೫

ಹಾಗಾದರೆ ಭಾರತವು ಕೊಟ್ಟದ್ದು ಬರಿಯ ಹೆಸರುಗಳೆ? ಹಾಗೆಂದರೆ ಇನ್ನೊಂದು ಕಡೆಗೆ ಜಾರಿದಂತಾದೀತು. ಬೇಸಾಯವನ್ನು ಅರಸನ ಧರ್ಮಕ್ಕೆ ಸೇರಿಸಿದ ಕೆಲಸ ನಿಶ್ಚಯವಾಗಿಯೂ ಭಾರತದ ಪ್ರಭಾವದ ಫಲ. ಪಶ್ಚಿಮ ಜಾವಾದಲ್ಲಿ ದೊರೆತ ಐದನೆಯ ಶತಮಾನದ ತುಗು ಶಾಸನವು ಸಂಸ್ಕೃತದಲ್ಲಿದೆ. ತಾರುಮಾನಗರದ ಪೂರ್ಣವರ್ಮನು ತನ್ನ ಆಳ್ವಿಕೆಯ ೨೨ನೆಯ ವರ್ಷದಲ್ಲಿ ೬೧೨೨ ಧನುಸ್ಸುಗಳ ಉದ್ದದ ಕಾಲುವೆಯನ್ನು ೨೧ ದಿನಗಳಲ್ಲಿ ತೋಡಿಸಿ ಬ್ರಾಹ್ಮಣರಿಗೆ ಸಾವಿರ ಗೋವುಗಳನ್ನು ದಾನಮಾಡಿದನೆಂದು ಅದು ಹೇಳುತ್ತದೆ. ಕಾಲುವೆಯ ಹೆಸರು ಗೋಮತಿ. ಅದಕ್ಕೆ ಹಿಂದಿನದು ಚಂದ್ರಭಾಗಾ. ನೀರನ್ನು ಹರಿಸುವುದು ಪುಣ್ಯಕಾರ್ಯ, ಅದರ ಹೊಣೆ ಅರಸನದು ಎಂಬ ಈ ಭಾವನೆ ಕೆರೆಕಟ್ಟೆಗಳ ಶಾಸನಗಳನ್ನು ಓದಿ ಬೆಳೆದ ಕನ್ನಡಿಗರಿಗೆ ಅಪರಿಚಿತವಲ್ಲ. ನಮ್ಮ ಶಾಸನಗಳ ಶಕವರ್ಷವೇ ಜಾವಾ, ಬಾಲಿಗಳ ಶಾಸನಗಳಲ್ಲಿಯೂ ಕಾಲವನ್ನು ಅಳೆಯುತ್ತದೆ.

ಥಾಯ್ ದೇಶದ ಹೊನ್ನಾರಿನ ಉತ್ಸವ ಇನ್ನೊಂದು ನಿದರ್ಶನ. ಅದರಲ್ಲಿ ಎರಡು ಭಾಗಗಳಿವೆ: ನೇಗಿಲು ಹೂಡುವ ಬ್ರಾಹ್ಮಣವಿಧಿ, ಬೀಜಗಳನ್ನು ಹರಸುವ ಬೌದ್ಧವಿಧಿ. ಎರಡನೆಯದನ್ನು ಸೇರಿಸಿದವನು ೧೮೫೧ರಿಂದ ೧೮೬೮ರವರೆಗೆ ಆಳಿದ ಮೊಂಗ್‌ಕುಟ್ ದೊರೆ. ಬಾಲಕ ಸಿದ್ಧಾರ್ಥನು ತಂದೆಯ ಉಳುಮೆಯ ಹಬ್ಬದಂದು ಜಂಬೂವೃಕ್ಷದಡಿ ಧ್ಯಾನಸ್ಥನಾದ ನಿದಾನಕಥೆಯ ಪ್ರಸಂಗ ಇಂಥ ಜೋಡಣೆಗೆ ಅನುಕೂಲವಾಗಿಯೇ ಇತ್ತು. ೧೯೩೬ರಲ್ಲಿ ನಿಂತುಹೋದ ಉತ್ಸವವು ೧೯೬೦ರಲ್ಲಿ ಪುನರುಜ್ಜೀವಿತವಾಯಿತು. ಉತ್ತ ಎತ್ತುಗಳ ಮುಂದೆ ಭತ್ತ, ಜೋಳ, ಎಳ್ಳು, ಹುಲ್ಲು, ನೀರು ಮುಂತಾದ ಏಳು ಪದಾರ್ಥಗಳನ್ನಿಟ್ಟು, ಅವು ಯಾವುದಕ್ಕೆ ಬಾಯಿಹಾಕುವುವೋ ಅದರಿಂದ ವರ್ಷದ ಫಲವನ್ನು ಹೇಳುತ್ತಾರೆ.

೬

ಇಲ್ಲಿ ನಮ್ಮ ನಾಡಿನ ಕಡೆಗೊಮ್ಮೆ ತಿರುಗಬೇಕಾದ ಕಾರಣವಿದೆ. ತೆನೆ ಕಟ್ಟುವ ಹೊತ್ತಿಗೆ ಪೈರನ್ನು ಬಸುರಿಯೆಂದು ಭಾವಿಸಿ ಉಪಚರಿಸುವ ಆಚರಣೆ ಆಗ್ನೇಯ ಏಷ್ಯದಲ್ಲೆಲ್ಲ ಹರಡಿದೆ. ಥಾಯ್ ಹೆಂಗಸರು ಬಿದಿರಬುಟ್ಟಿಯಲ್ಲಿ ಹುಳಿಹಣ್ಣು, ಕಬ್ಬು, ಬಾಚಣಿಗೆ, ಕನ್ನಡಿಗಳನ್ನಿಟ್ಟು ಗದ್ದೆಗೆ ಒಯ್ಯುತ್ತಾರೆ. ಬಾಲಿಯಲ್ಲಿ ಇದಕ್ಕೆ ‘ಬಿಯುಕುಕುಂಗ್’ ಎಂದು ಹೆಸರು. ಮಲೆನಾಡಿನ ಭೂಮಿಹುಣ್ಣಿಮೆಯನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆಶ್ವಯುಜ ಹುಣ್ಣಿಮೆಯ ರಾತ್ರಿಯೆಲ್ಲ ಅಡಿಗೆ ಮಾಡಿ, ಚಿತ್ತಾರ ಬರೆದ ಬುಟ್ಟಿಯಲ್ಲಿ ಸೊಪ್ಪುಗಳ ಅಚ್ಚಂಬಲಿಯನ್ನು ಗದ್ದೆಗೆ ಒಯ್ದು, ಬಸುರಿಯಾದ ಭೂಮಿಗೆ ಬಯಕೆಯೂಟವನ್ನು ಬೀರುತ್ತಾರೆ. ಬಯಲುಸೀಮೆಯ ಸೀಗಿಹುಣ್ಣಿಮೆಯ ಚರಗದಲ್ಲಿಯೂ ಆಶಯ ಇದೇ. ತುಳುನಾಡಿನ ಕೆಡ್ಡಸದ ದಿನಗಳಲ್ಲಿ ಭೂಮಿ ಋತುಮತಿಯೆಂದು ನೆಲವನ್ನು ಉಳುವುದಿಲ್ಲ. ಈ ಆಚರಣೆಗಳಿಗೆ ಮಂತ್ರವಾಗಲಿ ಪುರೋಹಿತನಾಗಲಿ ಮುಖ್ಯವಲ್ಲ. ಜಾವಾಕ್ಕೆ ಇವು ಇಲ್ಲಿಂದ ಹೋದುವೆಂದು ಹೇಳಲು ಆಧಾರವಿಲ್ಲ. ಅಲ್ಲಿಂದ ಇಲ್ಲಿಗೆ ಬಂದುವೆಂದು ಹೇಳಲೂ ಇಲ್ಲ.

ಫ್ರೆಂಚ್ ವಿದ್ವಾಂಸ ಪಾಲ್ ಮ್ಯೂಸ್ ೧೯೩೩ರಲ್ಲಿ ಚಂಪಾ ದೇಶದ ಪೂಜಾಪದ್ಧತಿಗಳನ್ನು ವಿವೇಚಿಸುತ್ತ ಒಂದು ಮಾತನ್ನು ಸೂಚಿಸಿದನು. ಮುಂಗಾರು ಬೀಸುವ ಏಷ್ಯದಲ್ಲೆಲ್ಲ ಭೂಮಿಯ ಶಕ್ತಿಯನ್ನು ಆರಾಧಿಸುವ ಒಂದು ಹಳೆಯ ಧರ್ಮವಿತ್ತು. ಭಾರತವೂ ಅದರಲ್ಲಿ ಪಾಲುಗಾರ. ಆದುದರಿಂದಲೇ ಭಾರತದ ದೇವತೆಗಳು ಅಲ್ಲಿನವರಿಗೆ ಪರಕೀಯರಾಗಿ ತೋರಲಿಲ್ಲ ಎಂಬುದು ಅವನ ವಾದದ ತಿರುಳು. ದೇವೀಮಾಹಾತ್ಮ್ಯದ ಶಾಕಂಭರಿ ತನ್ನ ಮೈಯಿಂದಲೇ ಶಾಕಗಳನ್ನು ಹುಟ್ಟಿಸಿ ಕ್ಷಾಮದಲ್ಲಿ ಲೋಕವನ್ನು ಸಲಹುವವಳು. ಬಾದಾಮಿಯ ಬನಶಂಕರಿಯನ್ನು ಆ ಶಾಕಂಭರಿಯೆಂದೇ ಪೂಜಿಸಿ, ಜಾತ್ರೆಗೆ ಮುನ್ನ ಪಲ್ಯದ ಹಬ್ಬದಲ್ಲಿ ೧೦೮ ಬಗೆಯ ಪಲ್ಯಗಳನ್ನು ಅರ್ಪಿಸುವುದುಂಟು. ಸಾವಿಲ್ಲವೆಂಬ ಭೇದವೊಂದನ್ನು ಬಿಟ್ಟರೆ, ದೇವಿಯ ದೇಹವೇ ಆಹಾರವೆಂಬ ಕಲ್ಪನೆ ಇಲ್ಲಿಯೂ ಇದೆ. ಭಾಷೆಯೂ ಇದಕ್ಕೆ ಒತ್ತಾಸೆಯಾಗಿದೆ. ಸಂಸ್ಕೃತದ ‘ಲಾಂಗಲ’, ಮಲಯದ ‘ತೆಂಗಾಲ’, ತಮಿಳಿನ ‘ನಾಂಜಿಲ್’, ನಮ್ಮ ‘ನೇಗಿಲು’ ಒಂದೇ ಕುಲದ ಮಾತುಗಳೆಂದೂ ಮೂಲವು ಆಸ್ಟ್ರೋ-ಏಷ್ಯಾಟಿಕ್ ಭಾಷೆಗಳಲ್ಲಿರಬಹುದೆಂದೂ ಪ್ರಿಜಿಲುಸ್ಕಿ ಮೊದಲಾದವರ ಮತ. ಅದು ನಿಜವಾದರೆ, ಪೂರ್ವಕ್ಕೆ ದೇವತೆಯ ಹೆಸರನ್ನು ಕಳುಹಿಸಿದ ಭಾರತವು ನೇಗಿಲ ಹೆಸರನ್ನು ಅದಕ್ಕಿಂತ ಮೊದಲೇ ಆ ಬಂಧುಗಳಿಂದ ಪಡೆದಿತ್ತು.

೭

ಇದು ಪಂಡಿತರ ಚರ್ಚೆಗೆ ಮಾತ್ರ ಸೇರಿದ ವಿಷಯವಲ್ಲವೆಂಬುದಕ್ಕೆ ಬಾಲಿಯ ಇತ್ತೀಚಿನ ಇತಿಹಾಸವೇ ಸಾಕ್ಷಿ. ಅಲ್ಲಿ ಒಂದೇ ನೀರಿನ ಗದ್ದೆಗಳ ಒಡೆಯರು ‘ಸುಬಕ್’ ಎಂಬ ಕೂಟವಾಗಿ ಸೇರುತ್ತಾರೆ. ಕ್ರಿ. ಶ. ೮೯೬ರ ಬೆಬೆತಿನ್ ಶಾಸನದಲ್ಲಿ ನೀರಿನ ಸುರಂಗ ಕೊರೆಯುವವರ ಉಲ್ಲೇಖವಿದೆ. ಹನ್ನೊಂದನೆಯ ಶತಮಾನದ ಶಾಸನಗಳಲ್ಲಿ ಸುಬಕ್ ಶಬ್ದದ ಹಳೆಯ ರೂಪವಿದೆ. ಸುಬಕ್‌ಗಳ ಮೇಲೆ ನೀರಿನ ದೇಗುಲಗಳು, ಎಲ್ಲಕ್ಕೂ ಮೇಲೆ ಬಾತುರ್ ಸರೋವರದ ದೇವಿ ದಾನುವಿನ ದೇಗುಲ. ೩೦ ವಾರಗಳ, ಎಂದರೆ ೨೧೦ ದಿನಗಳ ದೇಶೀಯ ಪಂಚಾಂಗವನ್ನು ಅನುಸರಿಸಿ ಯಾವ ಗದ್ದೆಗೆ ಎಂದು ನೀರು, ಯಾವುದಕ್ಕೆ ಎಂದು ಬಿಡುವು ಎಂಬುದು ಪೂಜೆಗಳ ಮೂಲಕ ನಿರ್ಧಾರವಾಗುತ್ತಿತ್ತು.

೧೯೭೦ರ ದಶಕದಲ್ಲಿ ಹಸಿರು ಕ್ರಾಂತಿಯ ತಳಿಗಳು ಬಂದುವು. ಬಿಡುವಿಲ್ಲದೆ ಬೆಳೆಯಬೇಕೆಂದು ಅಧಿಕಾರಿಗಳು ಒತ್ತಾಯಪಡಿಸಿದರು. ದೇಗುಲದ ಕ್ರಮವು ಹಿಂದೆ ಬಿದ್ದಿತು. ಇಳುವರಿ ಮೊದಲು ಏರಿತು. ಅನಂತರ ನೀರಿಗೆ ಜಗಳ, ಪೈರಿಗೆ ಕಂದು ಜಿಗಿಹುಳುವಿನ ಹಾವಳಿ. ಅಮೆರಿಕದ ಮಾನವಶಾಸ್ತ್ರಜ್ಞ ಸ್ಟೀಫನ್ ಲ್ಯಾನ್ಸಿಂಗ್ ಇದರ ಕಾರಣವನ್ನು ತೋರಿಸಿಕೊಟ್ಟನು. ೧೯೯೧ರಲ್ಲಿ ಅವನ ಗ್ರಂಥ ಪ್ರಕಟವಾಯಿತು. ಒಂದು ವಿಸ್ತಾರದ ಗದ್ದೆಗಳೆಲ್ಲ ಏಕಕಾಲದಲ್ಲಿ ಬಿಡುವಾದರೆ ಹುಳುಗಳಿಗೆ ಆಹಾರವಿಲ್ಲದೆ ಅವು ಸಾಯುತ್ತವೆ. ಆದರೆ ಎಲ್ಲರೂ ಏಕಕಾಲದಲ್ಲಿ ನಾಟಿಮಾಡಿದರೆ ನೀರು ಸಾಲದು. ಈ ಎರಡು ಅಗತ್ಯಗಳ ನಡುವಣ ಸಮತೋಲವನ್ನೇ ದೇಗುಲಗಳು ತಲತಲಾಂತರದಿಂದ ಕಾಪಾಡುತ್ತಿದ್ದುವು. ಇಂಡೊನೇಷ್ಯ ಸರಕಾರವೂ ೧೯೮೬ರಲ್ಲಿ ಭತ್ತಕ್ಕೆ ಬಳಸುವ ೫೭ ಕೀಟನಾಶಕಗಳನ್ನು ನಿಷೇಧಿಸಿತು. ೨೦೧೨ರಲ್ಲಿ ಯುನೆಸ್ಕೊ ಸುಬಕ್ ಪದ್ಧತಿಯ ಭೂಪ್ರದೇಶವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಆಗ ಅದರ ತತ್ತ್ವವನ್ನು ‘ತ್ರಿ ಹಿತ ಕರಣ’ ಎಂದು ಹೆಸರಿಸಲಾಯಿತು. ಈ ಸಂಸ್ಕೃತ ಸೂತ್ರ ರೂಢಿಗೆ ಬಂದದ್ದು ೧೯೬೦ರ ದಶಕದಲ್ಲಿ. ಸಾವಿರ ವರ್ಷ ಹಳೆಯದಾದ ಆಚರಣೆಗೆ ಹೊಸದಾಗಿ ಸಂಸ್ಕೃತದ ಹೆಸರಿಡುವ ಕ್ರಮ ನಮ್ಮ ಕಾಲದಲ್ಲಿಯೂ ನಿಂತಿಲ್ಲವೆಂದಾಯಿತು.

ಒಟ್ಟಿನಲ್ಲಿ, ಆಗ್ನೇಯ ಏಷ್ಯದ ಧಾನ್ಯದೇವತೆಗೆ ಭಾರತವು ಹೆಸರನ್ನೂ ವಂಶವನ್ನೂ ಅರಸನ ಆಶ್ರಯವನ್ನೂ ಕೊಟ್ಟಿತು. ಬೌದ್ಧಧರ್ಮವು ಅವಳೊಡನೆ ವಾದಿಸಿ ಕೊನೆಗೆ ಅವಳ ಪಕ್ಕದಲ್ಲಿ ಕುಳಿತಿತು. ಅವಳ ಜೀವ ಮಾತ್ರ ಕೆಸರಿನಲ್ಲಿ ಬಾಗಿ ದುಡಿದ ಜನರದು. ಅವರನ್ನು ನಮ್ಮ ಸಂಸ್ಕೃತಿಯ ಶಿಷ್ಯರೆಂದು ಬಗೆಯುವುದಕ್ಕಿಂತ, ಒಂದೇ ಮುಂಗಾರನ್ನು ನಂಬಿ ಬಾಳಿದ ನೆರೆಯವರೆಂದು ಬಗೆದರೆ ಇತಿಹಾಸಕ್ಕೂ ನ್ಯಾಯ ಸಂದೀತು, ನಮ್ಮ ಹಳ್ಳಿಗಳ ಹಬ್ಬಗಳ ಅರ್ಥವೂ ಹೆಚ್ಚು ತಿಳಿದೀತು. ಭೂಮಿಹುಣ್ಣಿಮೆ, ಕೆಡ್ಡಸ, ಹುತ್ತರಿಗಳ ವಿಧಿವಿವರಗಳನ್ನು ಬಿತ್ತನೆ, ನೀರು, ಬಿಡುವುಗಳ ಕಾಲಕ್ರಮದೊಡನೆ ಸೇರಿಸಿ ಊರೂರಿನಿಂದ ದಾಖಲೆ ಮಾಡುವ ಕಾರ್ಯವನ್ನು ನಮ್ಮ ಸಂಶೋಧಕರು ಕೈಕೊಳ್ಳಬೇಕು. ಬಾಲಿಯಲ್ಲಿ ಪೂಜೆಯೆಂದು ಕಂಡದ್ದರೊಳಗೆ ನೀರಿನ ಲೆಕ್ಕವಿತ್ತು. ನಮ್ಮ ಗದ್ದೆಗಳ ಪೂಜೆಯೊಳಗೆ ಏನಿದೆಯೆಂಬುದನ್ನು, ಆ ಗದ್ದೆಗಳು ಉಳಿದಿರುವಾಗಲೇ ಅರಿಯುವುದು ಒಳಿತು.